ಜೋಪಾನಕ್ಕೊಂದು ಹೊಸ ಅರ್ಥ: ಹೃದಯ ಕಸಿಯಾದ ಮಕ್ಕಳು ಮತ್ತು ಮನೆಯ ವ್ಯಾಯಾಮ



ಅಂಗಾಂಗ ವರ್ಗಾವಣೆಗೆ ಕನ್ನಡದಲ್ಲಿ ನಾವು ಬಳಸುವ ‘ಕಸಿ’ ಎಂಬ ಮಾತು ತೋಟದಿಂದ ಬಂದದ್ದು. ನಾಟಿ ಮಾವಿನ ಸಸಿಯ ಕಾಂಡವನ್ನು ಸೀಳಿ, ಒಳ್ಳೆಯ ಜಾತಿಯ ಕುಡಿಯನ್ನು ಅದರೊಳಗೆ ಕೂಡಿಸಿ ಪಟ್ಟಿ ಬಿಗಿದವರಿಗೆ ಒಂದು ವಿಷಯ ಗೊತ್ತು. ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕುಡಿ ಚಿಗುರುವವರೆಗೆ ಗಿಡ ನೆರಳಿನಲ್ಲಿರಬೇಕು, ಚಿಗುರಿದ ಮೇಲೆ ಅದನ್ನು ಬಿಸಿಲಿಗೆ ತರಬೇಕು. ಒಂದೇ ದಿನಕ್ಕಲ್ಲ, ದಿನಕ್ಕಿಷ್ಟಿಷ್ಟು. ನೆರಳಲ್ಲೇ ಬಿಟ್ಟ ಕಸಿಗಿಡ ಸಾಯದೆ ಇರಬಹುದು, ಆದರೆ ಸೊರಗುತ್ತದೆ.

ಹೃದಯ ಕಸಿಯಾದ ಮಕ್ಕಳನ್ನು ಮತ್ತು ಹರೆಯದವರನ್ನು ಬಿಸಿಲಿಗೆ ತರುವ ಈ ಎರಡನೆಯ ಕೆಲಸವೇ ಇಂದಿನ ನನ್ನ ವಿಷಯ. ಶಸ್ತ್ರಚಿಕಿತ್ಸೆಯ ಸಾಹಸವನ್ನು ಪತ್ರಿಕೆಗಳು ವರ್ಣಿಸುತ್ತವೆ. ವರ್ಣಿಸಲಿ, ಅದು ವರ್ಣನೆಗೆ ಯೋಗ್ಯವಾದದ್ದೇ. ಆ ಮಗು ಮನೆಗೆ ಮರಳಿ, ಹೊಲಿಗೆ ಮಾಗಿ, ಆರು ತಿಂಗಳು ಕಳೆದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತದೆ ಎಂಬುದನ್ನು ಕೇಳುವವರು ಕಡಿಮೆ. ನನ್ನ ವಾದ ಇಷ್ಟು: ಈ ಮಕ್ಕಳಿಗೆ ವ್ಯಾಯಾಮವೆನ್ನುವುದು ಮನಸ್ಸಿದ್ದರೆ ಮಾಡುವ ಕೆಲಸವಲ್ಲ, ಚಿಕಿತ್ಸೆಯ ಭಾಗ. ಆ ಚಿಕಿತ್ಸೆ ನಡೆಯಬೇಕಾದ ಜಾಗ ಮನೆ. ಆಸ್ಪತ್ರೆ ದೂರವಾಯಿತೆಂದು ಮನೆಯಲ್ಲಿ ಹೇಗೋ ಮಾಡಿಕೊಳ್ಳುವ ವ್ಯವಸ್ಥೆಯೆಂದು ಇದನ್ನು ಭಾವಿಸಬಾರದು. ಮನೆಯೇ ಸರಿಯಾದ ಜಾಗ ಎನ್ನಲು ಕಾರಣಗಳಿವೆ.

ಮೊದಲು ಸ್ವಲ್ಪ ಇತಿಹಾಸ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನ ಗ್ರೂಟೆ ಸ್ಕೂರ್ ಆಸ್ಪತ್ರೆಯಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. ಅದಾದ ಮೂರೇ ದಿನಕ್ಕೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಡ್ರಿಯನ್ ಕ್ಯಾಂಟ್ರೊವಿಟ್ಸ್ ಮೂರು ವಾರವೂ ತುಂಬದ ಶಿಶುವಿಗೆ ಹೃದಯ ಕಸಿ ಮಾಡಿದರು. ಆ ಕೂಸು ಕೆಲವೇ ಗಂಟೆ ಉಳಿಯಿತು. ಮಕ್ಕಳ ಹೃದಯ ಕಸಿಯ ಚರಿತ್ರೆ ದೊಡ್ಡವರದರಷ್ಟೇ ಹಳೆಯದು ಎಂಬುದನ್ನು ನಾವು ಮರೆಯುತ್ತೇವೆ. ಕೆಲವೇ ವರ್ಷಗಳಲ್ಲಿ ಜಗತ್ತಿನ ಬಹುತೇಕ ಆಸ್ಪತ್ರೆಗಳು ಈ ಶಸ್ತ್ರಚಿಕಿತ್ಸೆಯಿಂದ ಕೈ ತೆಗೆದವು. ಸ್ಟ್ಯಾನ್‌ಫರ್ಡಿನಲ್ಲಿ ನಾರ್ಮನ್ ಶಮ್ವೇ ಅವರಂಥ ಕೆಲವರು ಮಾತ್ರ ಹಿಡಿದ ಕೆಲಸ ಬಿಡಲಿಲ್ಲ. ಪರಿಸ್ಥಿತಿ ಬದಲಾದದ್ದು ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ. ಅದರಿಂದ ತೆಗೆದ ಸೈಕ್ಲೊಸ್ಪೋರಿನ್ 1980ರ ದಶಕದ ಆರಂಭದಲ್ಲಿ ಬಳಕೆಗೆ ಬಂದಾಗ, ಹೊಸ ಅಂಗವನ್ನು ಪರಕೀಯವೆಂದು ದೇಹ ಹೊಡೆಯುವುದನ್ನು ಹತೋಟಿಯಲ್ಲಿಡುವುದು ಸಾಧ್ಯವಾಯಿತು. ನಮ್ಮ ದೇಶದಲ್ಲಿ ಅಂಗಾಂಗ ಕಸಿಯ ಕಾನೂನು ಬಂದದ್ದು 1994ರಲ್ಲಿ. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಭಾರತದ ಮೊದಲ ಯಶಸ್ವಿ ಹೃದಯ ಕಸಿಯನ್ನು ನೆರವೇರಿಸಿದರು.

ಇಂದು ಶೈಶವದಲ್ಲಿ ಹೃದಯ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಪ್ಪತ್ತು ವರ್ಷ ದಾಟುತ್ತಾರೆಂದು ಅಂತರರಾಷ್ಟ್ರೀಯ ದಾಖಲೆಗಳು ಹೇಳುತ್ತವೆ. ಅಂದರೆ ಆ ಮಗು ಶಾಲೆಗೆ ಹೋಗುತ್ತದೆ, ಮೀಸೆ ಮೂಡಿಸಿಕೊಳ್ಳುತ್ತದೆ, ಕಾಲೇಜಿನ ಮೆಟ್ಟಿಲು ಹತ್ತುತ್ತದೆ. ‘ಮಗು ಉಳಿಯುತ್ತದೆಯೇ’ ಎಂಬ ಪ್ರಶ್ನೆಯ ಜಾಗಕ್ಕೆ ‘ಮಗು ಹೇಗೆ ಬಾಳುತ್ತದೆ’ ಎಂಬ ಪ್ರಶ್ನೆ ಬಂದಿದೆ. ಮೆಟ್ಟಿಲು ಹತ್ತುವಾಗ ಏನಾಗುತ್ತದೆ ಎಂಬುದು ಈಗ ನಿಜವಾಗಿಯೂ ಮುಖ್ಯ.

ಇಲ್ಲಿ ನಾನು ಸ್ವಲ್ಪ ನಿಂತು ವಿವರಿಸಬೇಕು, ಏಕೆಂದರೆ ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ. ಶಸ್ತ್ರಚಿಕಿತ್ಸಕರು ಹೊಸ ಹೃದಯಕ್ಕೆ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನಲ್ಲ. ನಮ್ಮ ನಿಮ್ಮ ಹೃದಯಕ್ಕೆ ಎರಡು ಬಗೆಯ ನರಗಳ ಹತೋಟಿಯಿದೆ. ಒಂದು ಲಗಾಮು, ಇನ್ನೊಂದು ಚಾವಟಿ. ವೇಗಸ್ ಎಂಬ ನರ ಸದಾ ಲಗಾಮು ಹಿಡಿದಿರುವುದರಿಂದಲೇ ಸುಮ್ಮನೆ ಕುಳಿತಾಗ ನಾಡಿ ಎಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಬಸ್ಸು ಹೊರಟಿತೆಂದು ಓಡಿದರೆ ಲಗಾಮು ತಕ್ಷಣ ಸಡಿಲುತ್ತದೆ, ಚಾವಟಿ ಬೀಸುತ್ತದೆ. ಒಂದೆರಡು ಹೆಜ್ಜೆಯೊಳಗೆ ನಾಡಿ ಏರುತ್ತದೆ. ಕಸಿಯಾದ ಹೃದಯಕ್ಕೆ ಈ ಎರಡೂ ಇಲ್ಲ. ಅದು ತನ್ನದೇ ಲಯದಲ್ಲಿ ಮಿಡಿಯುತ್ತದೆ. ಮಗು ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ ತೊಂಬತ್ತು, ನೂರು, ಕೆಲವೊಮ್ಮೆ ನೂರಹತ್ತು.

ಮಗು ಎದ್ದು ಓಡಿತೆನ್ನಿ. ‘ಓಡುತ್ತಿದ್ದೇನೆ’ ಎಂಬ ಸುದ್ದಿ ನರದ ದಾರಿಯಲ್ಲಿ ಹೃದಯಕ್ಕೆ ತಲುಪುವುದಿಲ್ಲ. ಮೂತ್ರಪಿಂಡಗಳ ಮೇಲಿನ ಪುಟ್ಟ ಗ್ರಂಥಿಗಳು ಸುರಿಸುವ ಅಡ್ರಿನಲಿನ್ ರಕ್ತದಲ್ಲಿ ಬೆರೆತು ಹರಿದು ಬರಬೇಕು. ತಂತಿ ಹೋದ ಊರಿಗೆ ಓಲೆಕಾರ ನಡೆದು ಬಂದ ಹಾಗೆ. ಅಷ್ಟರಲ್ಲಿ ಕಾಲಿನ ಸ್ನಾಯುಗಳು ಆಮ್ಲಜನಕ ಬೇಕೆಂದು ಕೂಗಿ ಕೆಲವು ನಿಮಿಷಗಳೇ ಆಗಿರುತ್ತವೆ. ಮೊದಲ ನಿಮಿಷಗಳಲ್ಲಿ ಹೃದಯ ಒಂದು ಉಪಾಯದಿಂದ ಸಂಭಾಳಿಸುತ್ತದೆ: ನಡೆಯುವ ಕಾಲುಗಳು ಹಿಂಡಿ ಮೇಲಕ್ಕೆ ಕಳಿಸುವ ರಕ್ತದಿಂದ ಅದು ಹೆಚ್ಚು ತುಂಬಿಕೊಳ್ಳುತ್ತದೆ, ಹೆಚ್ಚು ಹಿಗ್ಗಿದ್ದರಿಂದ ಪ್ರತಿ ಮಿಡಿತದಲ್ಲೂ ಹೆಚ್ಚು ರಕ್ತ ತಳ್ಳುತ್ತದೆ. ಓಟ ನಿಂತಾಗ ಇದರ ತಿರುವು. ಮಗು ಕುಳಿತು ಸುಧಾರಿಸಿಕೊಳ್ಳುತ್ತಿದ್ದರೂ ರಕ್ತದಲ್ಲಿ ಅಡ್ರಿನಲಿನ್ ಇನ್ನೂ ಇದೆ. ನಾಡಿ ಇಳಿಯದೆ ಕೆಲವು ನಿಮಿಷ ಏರಿದಲ್ಲೇ ಇರುತ್ತದೆ, ಕೆಲವೊಮ್ಮೆ ಇನ್ನಷ್ಟು ಏರುವುದೂ ಉಂಟು. ಇದು ಗೊತ್ತಿಲ್ಲದ ತಂದೆ ಮಗಳ ಮಣಿಕಟ್ಟು ಹಿಡಿದು ನೋಡಿ ಗಾಬರಿಯಾದರೆ ಅವರ ತಪ್ಪಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ವರ್ಷಗಳು ಕಳೆದಂತೆ ಕೆಲವರಲ್ಲಿ ನರಗಳು ಭಾಗಶಃ ಮತ್ತೆ ಹಬ್ಬುತ್ತವೆ. ಎಲ್ಲರಲ್ಲೂ ಅಲ್ಲ, ಪೂರ್ತಿಯಾಗಿಯೂ ಅಲ್ಲ. ಹಾಗಾಗಿ ವ್ಯಾಯಾಮದ ಮೊದಲ ನಿಯಮ ಈ ಶರೀರಶಾಸ್ತ್ರದಿಂದಲೇ ಬರುತ್ತದೆ: ಆರಂಭ ನಿಧಾನ, ಮುಕ್ತಾಯವೂ ನಿಧಾನ. ಆರೋಗ್ಯವಂತರು ಮೈ ಬಿಸಿ ಮಾಡಿಕೊಳ್ಳದೆ ಓಡಿದರೆ ಹೆಚ್ಚೆಂದರೆ ಕಾಲು ಹಿಡಿದುಕೊಳ್ಳುತ್ತದೆ. ಈ ಮಗುವಿಗೆ ಐದರಿಂದ ಹತ್ತು ನಿಮಿಷದ ನಿಧಾನ ನಡಿಗೆಯೆಂದರೆ ಓಲೆಕಾರ ಊರು ಮುಟ್ಟಲು ಕೊಡುವ ಕಾಲ.

ಹಾಗಾದರೆ ಈ ಮಕ್ಕಳಿಗೆ ಬೇಗ ದಣಿವಾಗುವುದು ನರವಿಲ್ಲದ ಹೃದಯದಿಂದಲೇ? ಅರ್ಧ ಸತ್ಯ. ಗರಿಷ್ಠ ಶ್ರಮದಲ್ಲಿ ಅವರ ದೇಹ ಬಳಸಬಲ್ಲ ಆಮ್ಲಜನಕವನ್ನು ಅಳೆದರೆ, ಅದು ಓರಗೆಯ ಮಕ್ಕಳದರ ಅರ್ಧದಿಂದ ಮುಕ್ಕಾಲು ಪಾಲಿನ ನಡುವೆ ಇರುತ್ತದೆ. ಈ ಕೊರತೆಯಲ್ಲಿ ದೊಡ್ಡ ಪಾಲು ಕಾಲಿನ ಸ್ನಾಯುಗಳದು. ಕಸಿಗೆ ಮುನ್ನ ತಿಂಗಳುಗಟ್ಟಲೆ, ವರ್ಷಗಟ್ಟಲೆ ಆ ಮಗು ಸೋತ ಹೃದಯದೊಂದಿಗೆ ಹಾಸಿಗೆಯಲ್ಲಿ ಕಳೆದಿರುತ್ತದೆ. ಹಾಸಿಗೆ ಏನು ಮಾಡುತ್ತದೆ ಎಂಬುದಕ್ಕೆ 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಡೆದ ಪ್ರಸಿದ್ಧ ಪ್ರಯೋಗವಿದೆ. ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿದಾಗ ಅವರ ಶ್ರಮಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂರು ದಶಕಗಳ ವಯಸ್ಸು ಅವರಿಗೆ ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ಹೆಚ್ಚಾಗಿತ್ತು. ಆರೋಗ್ಯವಂತರ ಕಥೆ ಇದಾದರೆ, ಕಾಯಿಲೆಯ ಮಗುವಿನದನ್ನು ತಾವೇ ಊಹಿಸಬಹುದು.

ಇದರ ಮೇಲೆ ಔಷಧಗಳು. ಮಗುವಿನ ಪ್ರಾಣ ಕಾಯುವ ಸ್ಟೀರಾಯ್ಡ್ ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಸವೆಸುತ್ತದೆ, ಮೂಳೆಯ ಸುಣ್ಣ ಕಳೆಯುತ್ತದೆ, ಮುಖ ಊದಿಸುತ್ತದೆ. ಕಸಿ ಉಳಿಸುವ ಇತರ ಔಷಧಗಳಿಂದ ರಕ್ತದೊತ್ತಡ ಏರಬಹುದು. ಪಶ್ಚಿಮದ ಪುಸ್ತಕಗಳು ಕುರ್ಚಿಯಿಂದ ಏಳುವ ಪರೀಕ್ಷೆಯನ್ನು ವಿವರಿಸುತ್ತವೆ. ನಮ್ಮ ಮನೆಗಳಲ್ಲಿ ಪರೀಕ್ಷೆ ಇನ್ನೂ ಕಠಿಣ: ನೆಲದ ಮೇಲೆ ಊಟಕ್ಕೆ ಕುಳಿತ ಮಗು ಕೈ ಊರದೆ ಎದ್ದೀತೆ? ಒಂದು ಕೈಯನ್ನು ಮಂಡಿಗೆ, ಇನ್ನೊಂದನ್ನು ಗೋಡೆಗೆ ಕೊಟ್ಟು ಏಳುವ ಹದಿನಾಲ್ಕರ ಹುಡುಗನನ್ನು ಕಂಡರೆ, ಅವನ ಹೊಸ ಹೃದಯ ಎಷ್ಟೇ ಚೆನ್ನಾಗಿ ಮಿಡಿಯುತ್ತಿದ್ದರೂ ತೊಡೆಗಳಿಗೆ ಕೆಲಸ ಕೊಡಬೇಕಾಗಿದೆ ಎಂದೇ ಅರ್ಥ.

ಸಭಿಕರೆ, ಈ ದಣಿವಿನ ಮೂರನೆಯ ಕಾರಣ ಯಾವ ಯಂತ್ರಕ್ಕೂ ಸಿಗುವುದಿಲ್ಲ. ಅದು ಜೋಪಾನ. ಕನ್ನಡದ ಅತ್ಯಂತ ಮಮತೆಯ ಪದಗಳಲ್ಲಿ ಇದೊಂದು. ‘ಓಡಬೇಡ ಮಗಾ’, ‘ಭಾರ ಎತ್ತಬೇಡ ಕಂದ’, ‘ನೀನು ಕೂತಿರಮ್ಮ, ತಮ್ಮ ತರುತ್ತಾನೆ’. ಈ ಮಾತುಗಳ ಹಿಂದೆ ಎಂಥ ರಾತ್ರಿಗಳಿವೆ ಎಂಬುದನ್ನು ಬಲ್ಲವರು ಅವನ್ನು ಟೀಕಿಸಲಾರರು. ಇನ್ನೊಂದು ಮನೆಯ ತೀರದ ದುಃಖದಿಂದ ಬಂದ ಹೃದಯವದು. ಅದನ್ನು ಗಾಜಿನಂತೆ ಕಾಯಬೇಕೆನಿಸುವುದು ಸಹಜ, ಗೌರವದ ಭಾವನೆ ಕೂಡ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಿಗೂ ಅದೇ ಭಯ. ಮಗುವನ್ನು ಮರದ ನೆರಳಲ್ಲಿ ಕೂರಿಸಿ ಉಳಿದವರ ನೀರಿನ ಬಾಟಲಿ, ಚಪ್ಪಲಿ ಕಾಯಲು ಹೇಳುತ್ತಾರೆ. ಆದರೆ ಕಸಿಯಾದ ಹೃದಯ ಗಾಜಿನದಲ್ಲ, ಸ್ನಾಯುವಿನದು. ಕಾಲಾಂತರದಲ್ಲಿ ಅದಕ್ಕೆ ಬರುವ ದೊಡ್ಡ ಅಪಾಯಗಳಲ್ಲೊಂದು ಅದರದೇ ರಕ್ತನಾಳಗಳು ದಪ್ಪವಾಗಿ ಕಿರಿದಾಗುವುದು. ಹೆಚ್ಚಿದ ತೂಕ, ರಕ್ತದೊತ್ತಡ, ಕೊಬ್ಬು ಇದಕ್ಕೆ ಇಂಬು ಕೊಡುತ್ತವೆ. ನಾರ್ವೆಯಲ್ಲಿ ವಯಸ್ಕರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ತೀವ್ರ ಶ್ರಮ ಮತ್ತು ವಿರಾಮವನ್ನು ಒಂದರ ನಂತರ ಒಂದರಂತೆ ಮಾಡಿಸಿದವರಲ್ಲಿ ಈ ದಪ್ಪವಾಗುವಿಕೆ ನಿಧಾನವಾದದ್ದು ಕಂಡಿತು. ಕೂರಿಸಿ ಕಾಯುವುದೇ ಜೋಪಾನವೆಂದುಕೊಂಡರೆ ಕಾಯಬೇಕಾದದ್ದನ್ನೇ ಕಳೆದುಕೊಳ್ಳುತ್ತೇವೆ.

ವ್ಯಾಯಾಮದಿಂದ ಫಲವಿದೆ ಎಂಬುದಕ್ಕೆ ಪುರಾವೆಯೇನು? ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ಷೇತ್ರದ ಮೈಲಿಗಲ್ಲು. ಹೊಸದಾಗಿ ಹೃದಯ ಕಸಿಯಾದ 27 ಮಂದಿ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ತಜ್ಞರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿದರು. ಅವರ ಗರಿಷ್ಠ ಆಮ್ಲಜನಕ ಬಳಕೆ ಸರಾಸರಿ ಶೇ. 49ರಷ್ಟು ಏರಿತು, ಮಾಮೂಲು ಸಲಹೆ ಪಡೆದು ಮನೆಗೆ ಹೋದವರಲ್ಲಿ ಏರಿದ್ದು ಶೇ. 18. ಈ ಅಂಕಿಗಳನ್ನು ಹಿಡಿದು, ವ್ಯಾಯಾಮಕ್ಕೆ ಆಸ್ಪತ್ರೆಯೇ ಬೇಕು ಎಂದು ವಾದಿಸುವವರಿದ್ದಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಆ ಎರಡನೆಯ ಗುಂಪಿನವರು ಸೋತದ್ದು ಮನೆಯಲ್ಲಿದ್ದರೆಂದಲ್ಲ. ಮನೆಯಲ್ಲಿ ಅವರನ್ನು ದಿನದಿನಕ್ಕೆ ವಿಚಾರಿಸುವವರು ಇರಲಿಲ್ಲವೆಂದು.

ಮಕ್ಕಳ ವಿಷಯದಲ್ಲಿ ಷಿಕಾಗೊದ ವೈದ್ಯರು 2008ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಮುಖ್ಯವೆನಿಸಿದೆ. ಹನ್ನೆರಡು ವಾರಗಳ ಕಾಲ ಮಕ್ಕಳು ತಮ್ಮ ಮನೆಯಲ್ಲೇ ವಾರಕ್ಕೆ ಕನಿಷ್ಠ ಮೂರು ದಿನ ಉಸಿರು ಹೆಚ್ಚಿಸುವ ವ್ಯಾಯಾಮ, ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಿದರು. ಅವರ ಶ್ರಮಶಕ್ತಿಯೂ ಸ್ನಾಯುಬಲವೂ ಹೆಚ್ಚಿದವು. ಭಾಗವಹಿಸಿದವರು ಬೆರಳೆಣಿಕೆಯ ಮಕ್ಕಳು. ದೊಡ್ಡ ತೀರ್ಮಾನಕ್ಕೆ ಅದು ಸಾಲದು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಆಮೇಲೆ ಸ್ಟ್ಯಾನ್‌ಫರ್ಡಿನ ತಂಡ ವಿಡಿಯೊ ಕರೆಯ ಮೂಲಕ ಮಕ್ಕಳ ಮನೆಯನ್ನೇ ವ್ಯಾಯಾಮಶಾಲೆ ಮಾಡಿತು: ತರಬೇತಿ ಕೊಡುವವರು ಪರದೆಯ ಆ ಕಡೆ, ಮಗು ಈ ಕಡೆ, ವಾರಕ್ಕೆ ಹಲವು ಬಾರಿ, ಮೂರು ತಿಂಗಳಿಗೂ ಮೇಲ್ಪಟ್ಟು. ಸ್ಕ್ಯಾಂಡಿನೇವಿಯಾದ ದೇಶಗಳು ವಯಸ್ಕರಿಗೆ ರೋಗಿಯ ಊರಿನ ಫಿಸಿಯೊಥೆರಪಿಸ್ಟರ ಕೈಯಲ್ಲೇ ತರಬೇತಿ ಕೊಡಿಸಿ ಫಲ ಕಂಡಿವೆ. ಇವೆಲ್ಲ ಸೂಚಿಸುವ ದಾರಿ ಒಂದೇ. ಜಾಗ ಯಾವುದು ಎಂಬುದಕ್ಕಿಂತ ಕೇಳುವವರು, ಬರೆದುಕೊಳ್ಳುವವರು ಇದ್ದಾರೆಯೇ ಎಂಬುದು ದೊಡ್ಡದು.

ಹಾಗಿದ್ದೂ ನಾನು ಮನೆಯನ್ನೇ ಒತ್ತಿ ಹೇಳಲು ಕಾರಣವಿದೆ. ಆಸ್ಪತ್ರೆಯ ಟ್ರೆಡ್‌ಮಿಲ್ ಮೇಲೆ ತಂತಿಗಳೊಡನೆ ನಡೆದ ಮಗು, ಅಲ್ಲಿ ನಡೆಯುವುದು ಸುರಕ್ಷಿತ ಎಂದು ಕಲಿಯುತ್ತದೆ. ತನ್ನ ಅಂಗಳದಲ್ಲಿ ಅಮ್ಮನ ಕಣ್ಣೆದುರು ಬೆವರಿದ ಮಗು, ಬೆವರುವುದೇ ಸುರಕ್ಷಿತ ಎಂದು ಕಲಿಯುತ್ತದೆ. ಅಮ್ಮನೂ ಕಲಿಯುತ್ತಾರೆ. ವ್ಯಾಯಾಮದ ಲಾಭ ಬಿಟ್ಟ ಕೆಲವೇ ವಾರಗಳಲ್ಲಿ ಕರಗುವಂಥದು. ಜೀವನಪೂರ್ತಿ ಮಾಡಬೇಕಾದ್ದನ್ನು ಜೀವನ ನಡೆಯುವ ಜಾಗದಲ್ಲೇ ರೂಢಿ ಮಾಡಬೇಕು. ಇನ್ನೊಂದು ಮಾತು: ಸೋಂಕು ತಡೆಯುವ ಶಕ್ತಿಯನ್ನು ಔಷಧ ತಗ್ಗಿಸಿರುವ ಮಗುವನ್ನು ವಾರಕ್ಕೆ ಮೂರು ಸಲ ಜನ ತುಂಬಿದ ಬಸ್ಸಿನಲ್ಲಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂರಿಸುವುದು ಹಿತವಲ್ಲ.

ಒಂದು ಮನೆಯ ಪಡಸಾಲೆಯನ್ನು ತಮ್ಮ ಕಣ್ಣ ಮುಂದೆ ತಂದುಕೊಳ್ಳಿ. ಹುಡುಗಿಗೆ ಹದಿಮೂರು. ಎದೆಯ ಮೂಳೆ ಕೂಡಿಕೊಂಡಿದೆ. ಶಸ್ತ್ರಚಿಕಿತ್ಸೆಯ ನಂತರ ಕೈಯೂರಿ ಏಳುವುದು, ಭಾರ ಎಳೆಯುವುದು ಬೇಡವೆಂದ ಎರಡು ಮೂರು ತಿಂಗಳು ಕಳೆದಿವೆ, ವೈದ್ಯರ ಒಪ್ಪಿಗೆ ಸಿಕ್ಕಿದೆ. ಕಸಿಯ ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಅದು ತಪ್ಪುವುದಿಲ್ಲ. ಸಂಜೆಯ ವ್ಯಾಯಾಮವನ್ನು ಅದೇ ಕ್ಯಾಲೆಂಡರಿನ ಅದೇ ಚೌಕದಲ್ಲಿ ಗುರುತು ಹಾಕುತ್ತಾರೆ, ಮೂರನೆಯ ಮಾತ್ರೆಯೆಂಬಂತೆ. ಮೊದಲ ಏಳೆಂಟು ನಿಮಿಷ ಅಂಗಳದಲ್ಲಿ ನಿಧಾನ ನಡಿಗೆ. ಆಮೇಲೆ ಬಿರುಸು ನಡಿಗೆ, ಮೊದಲ ವಾರ ಹತ್ತು ನಿಮಿಷ, ತಿಂಗಳು ಕಳೆಯುವಷ್ಟರಲ್ಲಿ ಇಪ್ಪತ್ತು, ಮೂವತ್ತು. ಮಳೆ ಬಂದರೆ ಒಳಗೇ ಹಾಡು ಹಾಕಿ ಕುಣಿತ.

ಎಷ್ಟು ಬಿರುಸು? ನಾಡಿ ಇಲ್ಲಿ ನಂಬಿಕೆಗೆ ಅರ್ಹವಲ್ಲ, ಕಾರಣ ಆಗಲೇ ಹೇಳಿದೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆಗೋಲು ಇಲ್ಲಿ ನೆರವಿಗೆ ಬರುತ್ತದೆ. ಆರರಿಂದ ಇಪ್ಪತ್ತರವರೆಗಿನ ಅಂಕಿಗಳಲ್ಲಿ, ಶ್ರಮ ತನಗೆ ಎಷ್ಟೆನಿಸುತ್ತಿದೆ ಎಂದು ಮಾಡುವವರೇ ಹೇಳಬೇಕು. ಹನ್ನೊಂದರಿಂದ ಹದಿಮೂರು, ಅಂದರೆ ‘ಹಗುರ’ದಿಂದ ‘ಸ್ವಲ್ಪ ಕಷ್ಟ’ದವರೆಗೆ ಇದ್ದರೆ ಆರಂಭಕ್ಕೆ ಸಾಕು. ಚಿಕ್ಕ ಮಕ್ಕಳಿಗೆ ಚಿತ್ರಗಳ ಅಳತೆಗೋಲುಗಳಿವೆ. ಮನೆಮಾತಿನಲ್ಲಿ ಹೇಳುವುದಾದರೆ, ನಡೆಯುತ್ತ ಮಾತಾಡಬೇಕು, ಹಾಡಲು ಆಗಬಾರದು. ಈ ಅಳತೆಯ ವಿಶೇಷವನ್ನು ಗಮನಿಸಿ. ವರ್ಷಗಳಿಂದ ಬೇರೆಯವರು ಸೂಜಿ, ತಂತಿ, ಪರದೆಗಳಿಂದ ಓದಿದ ದೇಹವನ್ನು ಆ ಹುಡುಗಿ ಮೊದಲ ಬಾರಿ ತಾನೇ ಓದಿ ಹೇಳುತ್ತಿದ್ದಾಳೆ.

ವಾರಕ್ಕೆರಡು ದಿನ ಬಲದ ವ್ಯಾಯಾಮ. ಸ್ಟೂಲಿನ ತುದಿಯಲ್ಲಿ ಕುಳಿತು, ಕೈ ಎದೆಗೆ ಕಟ್ಟಿ, ಎದ್ದು ನಿಂತು ಮತ್ತೆ ಕೂರುವುದು ಹತ್ತು ಸಲ. ಗೋಡೆಗೆ ಬೆನ್ನು ಕೊಟ್ಟು ಅರ್ಧ ಬಸ್ಕಿ. ನಮ್ಮ ಗರಡಿಮನೆಗಳಲ್ಲಿ ಬಸ್ಕಿ ಸಾಧನೆಯಾಗಿತ್ತು, ಶಾಲೆಗಳಲ್ಲಿ ಶಿಕ್ಷೆಯಾಯಿತು. ಈ ಮಗುವಿಗೆ ಅದು ಔಷಧ, ಸ್ಟೀರಾಯ್ಡ್ ಸವೆಸಿದ ತೊಡೆಗೆ ಇದಕ್ಕಿಂತ ನೇರವಾದ ಮದ್ದು ಇಲ್ಲ. ಕೈಗಳಿಗೆ ರಬ್ಬರ್ ಪಟ್ಟಿ, ಅದಿಲ್ಲದಿದ್ದರೆ ಅರ್ಧ ಲೀಟರ್ ನೀರಿನ ಬಾಟಲಿ. ಎಣಿಕೆಯನ್ನು ಹುಡುಗಿ ಗಟ್ಟಿಯಾಗಿ ಹೇಳಬೇಕು. ಎಣಿಸುವ ಬಾಯಿ ಉಸಿರು ಕಟ್ಟಲಾರದು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಮೂಳೆ ಗಟ್ಟಿಯಿದೆಯೆಂದು ವೈದ್ಯರು ಹೇಳಿದ ಮೇಲೆ ಕುಂಟೆಬಿಲ್ಲೆಯೂ ಆಗಬಹುದು. ಕುಪ್ಪಳಿಸುವ ಪಾದದಿಂದ ಹರೆಯದ ಮೂಳೆಗೆ ಬೆಳೆಯುವ ಸೂಚನೆ ಹೋಗುತ್ತದೆ. ಕೊನೆಗೆ ಮತ್ತೆ ಹತ್ತು ನಿಮಿಷ ನಿಧಾನ ನಡಿಗೆ. ಥಟ್ಟನೆ ಕೂತರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತೀತು.

ಎಚ್ಚರದ ಮಾತುಗಳನ್ನು ಮೊಟಕಾಗಿಯಾದರೂ ಸ್ಪಷ್ಟವಾಗಿ ಹೇಳಬೇಕು. ಜ್ವರವಿದ್ದ ದಿನ ವ್ಯಾಯಾಮವಿಲ್ಲ. ದೇಹ ಹೃದಯವನ್ನು ತಿರಸ್ಕರಿಸುತ್ತಿದೆ ಎಂದು ಬಯಾಪ್ಸಿಯಲ್ಲಿ ಕಂಡು ಚಿಕಿತ್ಸೆ ನಡೆದಿರುವಾಗ ವೈದ್ಯರು ಹೇಳುವವರೆಗೆ ವಿರಾಮ. ಎರಡು ಮೂರು ದಿನದಲ್ಲಿ ತೂಕ ಏರಿದರೆ, ಕಾಲು ಊದಿದರೆ, ನಿನ್ನೆ ಸುಲಭವಾದದ್ದು ಇಂದು ಭಾರವಾದರೆ, ಕಣ್ಣು ಕತ್ತಲೆ ಬಂದರೆ, ಎದೆ ಅಡ್ಡಾದಿಡ್ಡಿ ಹೊಡೆದುಕೊಂಡರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಬೇಕು. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ನರವಿಲ್ಲದ ಹೃದಯ ರಕ್ತಕ್ಕೆ ಬರಗಾಲ ಬಂದಾಗಲೂ ಎದೆನೋವಿನಿಂದ ಎಚ್ಚರಿಸದಿರಬಹುದು. ನೋವಿಲ್ಲ ಎಂಬುದು ನೆಮ್ಮದಿಯ ಗುರುತಲ್ಲ. ದಣಿವು, ಉಸಿರು ಇವೇ ಅದರ ಭಾಷೆ. ಕಬಡ್ಡಿಯಂಥ ಮೈಗೆ ಮೈ ತಾಗುವ ಆಟ ಬೇಡವೇ ಎಂಬುದನ್ನು ಮಗುವಿನ ಮೂಳೆ, ಕಸಿಯಾಗಿ ಕಳೆದ ಕಾಲ, ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ತೀರ್ಮಾನಿಸಬೇಕು. ಅಂಗಾಂಗ ಪಡೆದವರಿಗಾಗಿ 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಆರಂಭವಾದ ಜಾಗತಿಕ ಕ್ರೀಡಾಕೂಟ ಇಂದಿಗೂ ನಡೆಯುತ್ತಿದೆ, ಅಲ್ಲಿ ಮಕ್ಕಳೂ ಓಡುತ್ತಾರೆ ಎಂಬುದನ್ನು ತಂದೆತಾಯಿಯರಿಗೆ ತಿಳಿಸಿದರೆ ಎಷ್ಟೋ ಭಯ ಹಗುರಾದೀತು.

ನಮ್ಮ ನಾಡಿನ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ಅಂಗದಾನದ ಸಮನ್ವಯವನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ದಾನಿಯ ಹೃದಯ ಸಿಗ್ನಲ್ಲುಗಳನ್ನು ದಾಟಿ ಆಂಬುಲೆನ್ಸಿನಲ್ಲಿ ಧಾವಿಸಲು ಪೊಲೀಸರು ದಾರಿ ತೆರವು ಮಾಡಿಕೊಡುವುದನ್ನು ನಾವೆಲ್ಲ ಕಂಡಿದ್ದೇವೆ, ಹೆಮ್ಮೆಪಟ್ಟಿದ್ದೇವೆ. ಆದರೆ ಹೃದಯ ಕಸಿ ನಡೆಯುವ ಆಸ್ಪತ್ರೆಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಬೀದರಿನ ಮಗುವಿಗೆ ಅದು ಒಂದು ರಾತ್ರಿಯ ಪ್ರಯಾಣ. ಬಯಾಪ್ಸಿಗೆ, ಔಷಧದ ಪ್ರಮಾಣ ನೋಡಿಸಲು ಹೇಗೂ ಬರಲೇಬೇಕು. ವ್ಯಾಯಾಮಕ್ಕೂ ಬನ್ನಿ ಎಂದರೆ ಬೇಡ ಎಂದಂತೆಯೇ. ಇಷ್ಟು ಕಷ್ಟಪಟ್ಟು ತಂದ ಹೃದಯಕ್ಕೆ ಊರಿನಲ್ಲಿ ಕಾಯುವ ಜನ ಬೇಕು. ಜಿಲ್ಲೆಯ ಫಿಸಿಯೊಥೆರಪಿಸ್ಟ್ ಒಬ್ಬರಿಗೆ ಕಸಿ ತಂಡ ಈ ಹೃದಯದ ರೀತಿಯನ್ನು ಹೇಳಿಕೊಟ್ಟರೆ, ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿ ಕ್ಯಾಲೆಂಡರಿನ ಗುರುತುಗಳನ್ನು ನೋಡಿದರೆ, ಶಾಲೆಗೆ ಒಂದು ಪತ್ರ ಬರೆದರೆ, ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ಹರೆಯದಲ್ಲಿ ಮಾತ್ರೆ ಬಿಡುವ, ಎಲ್ಲವನ್ನೂ ಬಿಡುವ ಹಟ ಬರುವ ಕಾಲ ಒಂದುಂಟು. ಆಗ ವಿಚಾರಿಸುವ ಆ ಒಂದು ಕರೆ ಮಾತ್ರೆಯ ಲೆಕ್ಕವನ್ನೂ ಕಾಯುತ್ತದೆ.

ಆಸ್ಪತ್ರೆಗಳಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮಗು ಮನೆಗೆ ಹೊರಡುವ ದಿನ ದಪ್ಪ ಫೈಲಿನಲ್ಲಿ ಔಷಧಗಳ ಪಟ್ಟಿ ಇರುತ್ತದೆ: ಹೆಸರು, ಪ್ರಮಾಣ, ಹೊತ್ತು. ಅದರ ಪಕ್ಕದಲ್ಲಿ ವ್ಯಾಯಾಮದ ಹಾಳೆಯೊಂದನ್ನು, ಅದೇ ಶಿಸ್ತಿನಲ್ಲಿ, ವೈದ್ಯರ ಸಹಿಯೊಡನೆ, ಅಜ್ಜಿಯೂ ಓದಬಲ್ಲ ಕನ್ನಡದಲ್ಲಿ ಇಡಿ. ಏನು ಮಾಡಬಾರದು ಎಂಬುದು ಹಾಳೆಯ ಕೆಳಗಿರಲಿ. ಮೇಲಿನ ಮೊದಲ ಸಾಲಿನಲ್ಲಿ ಮಗುವಿನ ಹೆಸರು ಬರೆದು ಹೀಗೆ ಶುರುಮಾಡಿ: ಇಂದು ಸಂಜೆ, ಅಂಗಳದಲ್ಲಿ, ಐದು ನಿಮಿಷ ನಿಧಾನ ನಡಿಗೆ.